ಬೇಸಿಗೆಯ ತೆಳು ಬಟ್ಟೆಗೆ ತಕ್ಕ ಹೊಲಿಗೆ: ಆಯ್ಕೆಯಿಂದ ಕೊನೆಯ ಇಸ್ತ್ರಿಯವರೆಗೆ

ಬೇಸಿಗೆಗೆಂದು ತೆಳುವಾದ ಬಟ್ಟೆಯನ್ನು ಆರಿಸಿ ತಂದು, ಅದನ್ನು ದಪ್ಪ ಬಟ್ಟೆ ಹೊಲಿಯುವ ಕ್ರಮದಲ್ಲಿಯೇ ಹೊಲಿದರೆ ಆ ಬಟ್ಟೆಯ ಗುಣವೆಲ್ಲ ಹೊಲಿಗೆಯಲ್ಲಿಯೇ ಕಳೆದುಹೋಗುತ್ತದೆ. ಕೊರಳಿಗೆ ಅಂಟಿಸಿದ ಕ್ಯಾನ್ವಾಸು, ಪಕ್ಕದ ಹೊಲಿಗೆಗೆ ಹಾಕಿದ ಒತ್ತಾದ ಓವರ್‌ಲಾಕ್, ಒಳಗೆ ಪೂರ್ತಿ ಲೈನಿಂಗ್, ಎರಡು ಪದರದ ಕಾಲರು ಇವೆಲ್ಲ ಕೂಡಿಕೊಂಡಾಗ ಗಾಳಿಯಾಡಬೇಕಾದ ಉಡುಪು ಮೈಗೆ ಭಾರವಾಗುತ್ತದೆ, ಬೆವರು ಹೊಲಿಗೆಯ ಸಾಲುಗಳಲ್ಲಿ ನಿಂತು ಅಲ್ಲಲ್ಲಿ ಚರ್ಮವನ್ನು ತರಚುತ್ತದೆ. ಆದ್ದರಿಂದ ತೆಳು ಬಟ್ಟೆಯ ಕೆಲಸದಲ್ಲಿ ನಾನು ಒಂದೇ ಮಾತನ್ನು ಹಿಡಿದು ನಡೆಯುತ್ತೇನೆ: ಸೇರಿಸುವ ಪ್ರತಿಯೊಂದು ಪದರಕ್ಕೂ ಒಂದು ಕಾರಣವಿರಬೇಕು, ಕಾರಣವಿಲ್ಲದ ಪದರವನ್ನು ಬಿಡಬೇಕು. ಈ ಮಾತು ಕೆಲಸದಲ್ಲಿ ಹೇಗೆ ಇಳಿಯುತ್ತದೆ ಎಂಬುದನ್ನು ತೋರಿಸಲು, ತೋಳು ಮತ್ತು ಒಡಲು ಒಂದೇ ತುಂಡಿನಲ್ಲಿ ಬರುವ, ಗುಂಡಿ ಜಿಪ್ಪುಗಳಿಲ್ಲದೆ ತಲೆಯ ಮೇಲಿಂದ ತೊಡುವ ಒಂದು ಸಡಿಲ ಮೇಲಂಗಿಯನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಹೊಲಿಯೋಣ. ಕೆಳ ಅಂಚು ಮಡಿಸುವ ಮೊದಲು ಉಡುಪನ್ನು ತೂಗುಹಾಕಿಡುವ ಒಂದು ದಿನವನ್ನು ಬಿಟ್ಟರೆ, ನೇರ ಹೊಲಿಗೆ ಹಾಕಲು ಬರುವ ಯಾರೇ ಆದರೂ ಇದನ್ನು ಎರಡು ದಿನಗಳಲ್ಲಿ ಮುಗಿಸಬಹುದು; ಆ ಎರಡು ದಿನಗಳಲ್ಲಿ ಒಂದು ದಿನ ಯಂತ್ರವನ್ನು ಮುಟ್ಟುವ ಮೊದಲಿನ ಸಿದ್ಧತೆಗೇ ಹೋಗುತ್ತದೆ, ಹೋಗಬೇಕು.

ಬಟ್ಟೆಯ ಆಯ್ಕೆ

ಬಟ್ಟೆ ತಂಪಾಗಿರುವುದು ನಾರಿನ ಜಾತಿಯಿಂದ ಅರ್ಧ, ನೇಯ್ಗೆಯಿಂದ ಅರ್ಧ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇಕಡ 8.5ರಷ್ಟು ತೇವವನ್ನು ಒಳಗೆ ಹಿಡಿದಿರುತ್ತದೆ. ಲಿನನ್ ಸುಮಾರು ಶೇಕಡ 12ರಷ್ಟು, ವಿಸ್ಕೋಸ್ ರೇಯಾನ್ ಸುಮಾರು ಶೇಕಡ 13ರಷ್ಟು ಹಿಡಿಯುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ 0.4ರಷ್ಟು ಮಾತ್ರ. ಮೈಯ ಬೆವರನ್ನು ಹೀರಿ, ಹರಡಿ, ಗಾಳಿಗೆ ಬಿಟ್ಟುಕೊಡುವ ಬಟ್ಟೆ ತಂಪೆನಿಸಲು ಕಾರಣ ಇದೇ: ಬೆವರು ಆವಿಯಾಗುವಾಗ ಮೈಯ ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ. ಆದರೆ ಅದೇ ಹತ್ತಿಯನ್ನು ಒತ್ತಾಗಿ ನೇಯ್ದರೆ ಗಾಳಿಗೆ ದಾರಿಯಿರುವುದಿಲ್ಲ, ಹಾಗಾಗಿ ಹತ್ತಿ ಎಂಬ ಒಂದೇ ಮಾತನ್ನು ನಂಬಿ ಬಟ್ಟೆ ಕೊಳ್ಳಬಾರದು.

ಮೊದಲ ಸಲ ಹೊಲಿಯುವವರಿಗೆ ನಾನು ಹೇಳುವುದು ಕ್ಯಾಂಬ್ರಿಕ್ ಅಥವಾ ಲಾನ್ ಎಂಬ ಹತ್ತಿ ಬಟ್ಟೆ. ಇವು ತೆಳುವಾಗಿದ್ದರೂ ಎಳೆಗಳು ಸ್ಥಿರವಾಗಿ ನಿಲ್ಲುತ್ತವೆ, ಕತ್ತರಿಯ ಕೆಳಗೆ ಜಾರುವುದಿಲ್ಲ, ಇಸ್ತ್ರಿಯ ಮಡಿಕೆಯನ್ನು ನೆನಪಿಟ್ಟುಕೊಳ್ಳುತ್ತವೆ. ವಾಯ್ಲ್ ಇನ್ನೂ ತೆಳು. ಅದರ ನೂಲಿಗೆ ಹೆಚ್ಚು ಹುರಿ ಕೊಟ್ಟಿರುವುದರಿಂದ ಎಳೆಗಳ ನಡುವೆ ಸಣ್ಣ ಕಿಂಡಿಗಳು ಉಳಿದು ಗಾಳಿ ಸಲೀಸಾಗಿ ಹಾಯುತ್ತದೆ. ಮಲ್‌ಮಲ್ ಎಲ್ಲಕ್ಕಿಂತ ಮೃದು, ಆದರೆ ಅದೇ ಮೃದುತನದಿಂದಾಗಿ ಕತ್ತರಿಸುವಾಗ ಸೊಟ್ಟಗಾಗುತ್ತದೆ. ಕೈ ಪಳಗಿದ ಮೇಲೆ ಅದಕ್ಕೆ ಹೋಗುವುದು ಒಳ್ಳೆಯದು. ಲಿನನ್ ಮುದುಡುತ್ತದೆ, ಅದನ್ನು ತಪ್ಪಿಸಲಾಗದು, ಆದರೆ ಅದರ ಬಿರುಸು ಉಡುಪನ್ನು ಮೈಯಿಂದ ತುಸು ದೂರ ನಿಲ್ಲಿಸಿ ನಡುವೆ ಗಾಳಿ ಸುಳಿಯಲು ಎಡೆ ಮಾಡಿಕೊಡುತ್ತದೆ. ಸೀರ್‌ಸಕರ್ ಎಂಬ ಸುಕ್ಕುಗಟ್ಟಿದ ಪಟ್ಟೆಯ ಬಟ್ಟೆಯೂ ಇದೇ ತತ್ತ್ವದ್ದು. ಆ ಹೆಸರು ಹಾಲು ಮತ್ತು ಸಕ್ಕರೆ ಎಂಬರ್ಥದ ಪರ್ಷಿಯನ್ ಮಾತಿನಿಂದ ಬಂದದ್ದು, ನಯವಾದ ಪಟ್ಟೆಯೊಂದು, ಉಬ್ಬಿದ ಪಟ್ಟೆಯೊಂದು ಎಂಬ ಅದರ ಮೈಗೆ ಸರಿಯಾಗಿ ಒಪ್ಪುವ ಹೆಸರು. ಉಬ್ಬಿದ ಪಟ್ಟೆಯಷ್ಟೇ ಚರ್ಮವನ್ನು ತಾಕುವುದರಿಂದ ಅದು ಬೆವರಿಗೆ ಅಂಟಿಕೊಳ್ಳುವುದು ಕಡಿಮೆ, ಇಸ್ತ್ರಿಯ ಹಂಗೂ ಇಲ್ಲ. ರೇಯಾನ್ ಸೊಗಸಾಗಿ ಇಳಿಬೀಳುತ್ತದೆಯಾದರೂ ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಕುಗ್ಗುತ್ತದೆ. ಹತ್ತಿಯಾದರೋ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ದಿನನಿತ್ಯ ತೊಳೆಯುವ ಉಡುಪಿಗೆ ಹತ್ತಿಯನ್ನೇ ಆರಿಸಿಕೊಳ್ಳಲು ನನಗೆ ಇಷ್ಟು ಸಾಕು.

ಅಂಗಡಿಯಲ್ಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಪರೀಕ್ಷಿಸಬಹುದು. ಒಂದು ಪದರವನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿಯಲ್ಲಿ ಅಂಗೈ ಇಟ್ಟರೆ ಉಸಿರು ಎಷ್ಟು ಹಾಯುತ್ತದೆಂಬುದು ತಿಳಿಯುತ್ತದೆ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡು ಹಿಸುಕಿ ಬಿಟ್ಟರೆ ಸುಕ್ಕು ಎಷ್ಟು ನಿಲ್ಲುತ್ತದೆಂಬುದು ಕಾಣುತ್ತದೆ. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು ಅಡ್ಡಕ್ಕೆ ಮೆಲ್ಲನೆ ಎಳೆದಾಗ ಎಳೆಗಳು ಸರಿದು ಕಿಂಡಿ ಬಿದ್ದರೆ, ಆ ಬಟ್ಟೆಯ ಹೊಲಿಗೆ ಕಂಕುಳಲ್ಲಿಯೂ ಬೆನ್ನಲ್ಲಿಯೂ ಹಾಗೆಯೇ ಬಿಡುತ್ತದೆ; ಅದನ್ನು ಬಹಳ ಸಡಿಲವಾದ ಉಡುಪಿಗಲ್ಲದೆ ಬೇರೆ ಯಾವುದಕ್ಕೂ ತೆಗೆದುಕೊಳ್ಳಬಾರದು. ಕೊನೆಯದಾಗಿ ಬೆಳಕಿಗೆ ಹಿಡಿದು ನೋಡಿ. ಕೈಬೆರಳುಗಳ ಆಕಾರ ಸ್ಪಷ್ಟವಾಗಿ ಕಾಣುವ ಬಟ್ಟೆ ಬಿಸಿಲನ್ನೂ ಅಷ್ಟೇ ಸುಲಭವಾಗಿ ಒಳಗೆ ಬಿಡುತ್ತದೆಯಾದ್ದರಿಂದ, ದಿನವಿಡೀ ಹೊರಗೆ ಓಡಾಡುವವರು ಮಲ್‌ಮಲ್‌ಗಿಂತ ಕ್ಯಾಂಬ್ರಿಕ್ ಆರಿಸುವುದು ಮೇಲು.

ತೊಳೆಯುವುದು, ಎಳೆ ನೇರ ಮಾಡುವುದು

ಮಗ್ಗದ ಮೇಲೆ ಎಳೆಗಳನ್ನು ಬಿಗಿಯಾಗಿ ಎಳೆದೇ ಬಟ್ಟೆಯನ್ನು ನೇಯುವುದರಿಂದ, ಮೊದಲ ಸಲ ನೀರು ತಾಗಿದಾಗ ಆ ಬಿಗಿತ ಸಡಿಲಗೊಂಡು ಬಟ್ಟೆ ಕುಗ್ಗುತ್ತದೆ. ಹತ್ತಿಯಲ್ಲಿ ಇದು ಶೇಕಡ 3ರಿಂದ 5ರಷ್ಟಿರುವುದು ಸಾಮಾನ್ಯ, ಅಂದರೆ 2 ಮೀಟರ್ ಬಟ್ಟೆಯಲ್ಲಿ 10 ಸೆಂಟಿಮೀಟರ್‌ವರೆಗೂ ಹೋಗಬಹುದು. ಹೊಲಿದ ಮೇಲೆ ಕುಗ್ಗಿದರೆ ಬಟ್ಟೆಯ ಜೊತೆಗೆ ದಾರ ಕುಗ್ಗದೆ ಹೊಲಿಗೆಯೆಲ್ಲ ಸುಕ್ಕಾಗುತ್ತದೆ. ಯಂತ್ರದಲ್ಲಿ ಮೊದಲೇ ಕುಗ್ಗಿಸುವ ಸ್ಯಾನ್‌ಫರೈಸ್ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದರು. ಅಂಚಿನಲ್ಲಿ ಆ ಮುದ್ರೆಯಿರುವ ಬಟ್ಟೆ ಕುಗ್ಗುವುದು ತೀರ ಕಡಿಮೆ. ಮುದ್ರೆಯಿಲ್ಲದಿದ್ದರೆ ತೊಳೆಯದೆ ಕತ್ತರಿ ಹಿಡಿಯಬಾರದು. ಮುಂದೆ ಉಡುಪನ್ನು ಹೇಗೆ ತೊಳೆಯುತ್ತೀರೋ ಈಗಲೂ ಹಾಗೆಯೇ ತೊಳೆಯಬೇಕು. ಬಿಸಿನೀರಿನಲ್ಲಿ ಒಗೆಯುವ ಅಭ್ಯಾಸವಿದ್ದವರು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆದರೆ ಪ್ರಯೋಜನವಿಲ್ಲ. ಗಾಢ ಬಣ್ಣವಿದ್ದರೆ ಒದ್ದೆಯಾದ ಮೂಲೆಯನ್ನು ಬಿಳಿ ಬಟ್ಟೆಯ ಚೂರಿನ ಮೇಲಿಟ್ಟು ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಕತ್ತರಿಸಿದ ಎರಡು ತುದಿಗಳಿಗೆ ತೊಳೆಯುವ ಮೊದಲೇ ಒಂದು ಅಂಕುಡೊಂಕು ಹೊಲಿಗೆ ಹಾಕಿದರೆ ಎಳೆ ಬಿಚ್ಚಿ ಗೋಜಲಾಗುವುದು ತಪ್ಪುತ್ತದೆ.

ಹಿಂಡದೆ, ನೆರಳಿನಲ್ಲಿ ಒಣಹಾಕಿ, ಇನ್ನೂ ತುಸು ತೇವವಿರುವಾಗಲೇ ಇಸ್ತ್ರಿ ಮಾಡಬೇಕು. ಪೆಟ್ಟಿಗೆಯ ಮೇಲೆ ಮೂರು ಚುಕ್ಕಿ ಎಂದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್, ಅದು ಹತ್ತಿಗೂ ಲಿನನ್‌ಗೂ ಸರಿ. ಎರಡು ಚುಕ್ಕಿಯ 150 ಡಿಗ್ರಿ ರೇಯಾನ್‌ಗೆ ಸಾಕು. ಇಸ್ತ್ರಿ ಪೆಟ್ಟಿಗೆಯನ್ನು ಹಾಸಿನ ಎಳೆಯ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಯ, ದಿಕ್ಕಿನಲ್ಲಿಯೇ ಜರುಗಿಸಬೇಕು, ಮೂಲೆಯಿಂದ ಮೂಲೆಗೆ ಒತ್ತಿ ಎಳೆದರೆ ಬಟ್ಟೆ ಓರೆಯಾಗುತ್ತದೆ.

ಇನ್ನು ಎಳೆ ನೇರ ಮಾಡುವ ಕೆಲಸ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ತೆಳು ಬಟ್ಟೆಯ ಉಡುಪು ಎರಡು ಸಲ ತೊಳೆದ ಮೇಲೆ ಒಂದು ಬದಿಗೆ ತಿರುಚಿಕೊಳ್ಳುವುದಕ್ಕೆ ಮುಖ್ಯ ಕಾರಣವೂ ಇದೇ. ತುದಿಯಿಂದ ನಾಲ್ಕಾರು ಸೆಂಟಿಮೀಟರ್ ಒಳಗೆ ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಕೊಡಿ. ಕಚ್ಚಿನಲ್ಲಿ ಕಾಣುವ, ಅಡ್ಡಕ್ಕೆ ಓಡುವ ಹೊಕ್ಕಿನ ಎಳೆಯೊಂದನ್ನು ಸೂಜಿಯ ಮೊನೆಯಿಂದ ಎಬ್ಬಿಸಿ, ಎಡಗೈಯಲ್ಲಿ ಬಟ್ಟೆಯನ್ನು ಹಿಂದಕ್ಕೆ ಸರಿಸುತ್ತ ಬಲಗೈಯಲ್ಲಿ ಆ ಎಳೆಯನ್ನು ಮೆಲ್ಲಮೆಲ್ಲನೆ ಎಳೆಯಿರಿ. ಬಟ್ಟೆ ಎಳೆಯ ಮೇಲೆ ಸಣ್ಣ ಸುಕ್ಕುಗಳಾಗಿ ಕೂಡಿಕೊಳ್ಳುತ್ತದೆ. ಸುಕ್ಕನ್ನು ಮುಂದಕ್ಕೆ ನೀವುತ್ತ ಹೋದಂತೆ ಎಳೆ ಹೊರಬಂದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬಯಲು ಗೆರೆಯೊಂದು ಅಂಚಿನಿಂದ ಅಂಚಿಗೆ ಮೂಡುತ್ತದೆ. ನಡುವೆ ಎಳೆ ತುಂಡಾದರೆ ಗಾಬರಿ ಬೇಡ, ಅಲ್ಲಿಯವರೆಗೆ ಗೆರೆಯಗುಂಟ ಕತ್ತರಿಸಿ, ಅದೇ ಸಾಲಿನ ಇನ್ನೊಂದು ತುದಿಯನ್ನು ಹುಡುಕಿ ಮುಂದುವರಿಸಿ. ಈ ಗೆರೆಯ ಮೇಲೆ ಕತ್ತರಿಸಿದ ಬಟ್ಟೆಯನ್ನು ಮೇಜಿನ ಮೂಲೆಗೆ ಹೊಂದಿಸಿ ನೋಡಿ. ಹಾಸು ಹೊಕ್ಕುಗಳು ಲಂಬವಾಗಿ ಕೂಡಿದ್ದರೆ ಸರಿ, ಇಲ್ಲವಾದರೆ ಕುಗ್ಗಿದ ಬದಿಯ ಎದುರುಬದಿರು ಮೂಲೆಗಳನ್ನು ಇಬ್ಬರು ಹಿಡಿದು ಹದವಾಗಿ ಎಳೆದು, ಮತ್ತೆ ಇಸ್ತ್ರಿ ಮಾಡಬೇಕು.

ತೀರ ಜಾರುವ ಬಟ್ಟೆಯಾದರೆ ಈ ಹಂತದಲ್ಲಿ ತಿಳಿ ಗಂಜಿ ಹಾಕಿ ಇಸ್ತ್ರಿ ಮಾಡುವುದು ಒಳ್ಳೆಯದು. ಬಟ್ಟೆ ಕಾಗದದಂತೆ ನಿಲ್ಲುತ್ತದೆ, ಗೆರೆ ಎಳೆಯುವಾಗ ಹಿಗ್ಗುವುದಿಲ್ಲ, ಹೊಲಿದು ಮುಗಿಸಿ ಒಮ್ಮೆ ತೊಳೆದರೆ ಗಂಜಿಯೆಲ್ಲ ಬಿಟ್ಟುಹೋಗಿ ಹಳೆಯ ಮೃದುತನ ಮರಳುತ್ತದೆ. ಉಡುಪಿನಲ್ಲಿ ಉಳಿಯದ ಆಸರೆ ಇದೊಂದೇ ಆದ್ದರಿಂದ ನನಗೆ ಇದರ ಮೇಲೆ ವಿಶೇಷ ಒಲವು.

ಅಳತೆ ಮತ್ತು ಮಾದರಿ

ಎದೆಯ ಸುತ್ತಳತೆ, ಪೃಷ್ಠದ ಸುತ್ತಳತೆ, ತಲೆಯ ಸುತ್ತಳತೆ, ಮತ್ತು ಕೊರಳ ಬುಡದಿಂದ ಬೇಕಾದ ಉದ್ದ, ಈ ನಾಲ್ಕು ಅಳತೆಗಳು ಸಾಕು. ಬೇಸಿಗೆಯ ಉಡುಪಿನಲ್ಲಿ ಮೈಗೂ ಬಟ್ಟೆಗೂ ನಡುವಿನ ಸಡಿಲವೇ ತಂಪಿನ ಅರ್ಧ ಪಾಲು. ಎದೆಗೆ 16 ಸೆಂಟಿಮೀಟರ್ ಸಡಿಲ ಇಟ್ಟುಕೊಳ್ಳೋಣ. ಎದೆ 96 ಸೆಂಟಿಮೀಟರ್ ಇದ್ದವರಿಗೆ ಒಟ್ಟು 112, ಅದರ ಕಾಲುಭಾಗ 28. ಇದು ನಡುಗೆರೆಯಿಂದ ಪಕ್ಕದ ಹೊಲಿಗೆಯವರೆಗಿನ ಅಗಲ. ಇದೇ ಲೆಕ್ಕದಲ್ಲಿ ನಿಮ್ಮ ಅಳತೆಯನ್ನು ತೆಗೆದುಕೊಳ್ಳಬಹುದು.

ದೊಡ್ಡ ಕಾಗದದ ಮೇಲೆ ನಡುಗೆರೆಯನ್ನು ಎಳೆದು, ಮೇಲಿನ ತುದಿಯಿಂದ ಅಡ್ಡಕ್ಕೆ 10 ಸೆಂಟಿಮೀಟರ್ ಗುರುತಿಸಿ; ಅದು ಕೊರಳು ಹೆಗಲನ್ನು ಸೇರುವ ಬಿಂದು. ನಡುಗೆರೆಯ ಮೇಲೆ ಮುಂಭಾಗಕ್ಕೆ 14, ಹಿಂಭಾಗಕ್ಕೆ 2.5 ಸೆಂಟಿಮೀಟರ್ ಕೆಳಗೆ ಗುರುತಿಸಿ ದುಂಡಾದ ಗೆರೆಗಳನ್ನು ಬರೆಯಿರಿ. ಈ ಕೊರಳಿನ ಪೂರ್ತಿ ಸುತ್ತು ಸುಮಾರು 59 ಸೆಂಟಿಮೀಟರ್ ಬರುತ್ತದೆ. ಟೇಪನ್ನು ಗೆರೆಯ ಮೇಲೆ ನಿಲ್ಲಿಸಿ ಅಳೆದು ತಲೆಯ ಸುತ್ತಳತೆಗಿಂತ ಎರಡು ಸೆಂಟಿಮೀಟರ್‌ನಷ್ಟಾದರೂ ಹೆಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮುಂಭಾಗದ ಆಳವನ್ನು ಹೆಚ್ಚಿಸಬೇಕು. ಹೆಗಲಿನ ಬಿಂದುವಿನಿಂದ ಹೊರಗೆ, ನಡುಗೆರೆಯಿಂದ 38 ಸೆಂಟಿಮೀಟರ್ ದೂರದಲ್ಲಿ, 4 ಸೆಂಟಿಮೀಟರ್ ಇಳಿಜಾರಾಗಿ ತೋಳಿನ ತುದಿ ಬರಲಿ. ಅಲ್ಲಿಂದ ಕೆಳಕ್ಕೆ 20 ಸೆಂಟಿಮೀಟರ್ ತೋಳಿನ ಬಾಯಿ. ಕಂಕುಳ ಬಿಂದು ನಡುಗೆರೆಯಿಂದ 28, ಮೇಲಿನ ಅಡ್ಡಗೆರೆಯಿಂದ 26 ಸೆಂಟಿಮೀಟರ್ ಕೆಳಗೆ ಇರುತ್ತದೆ. ಆ ಮೂಲೆಯನ್ನು ಚೂಪಾಗಿ ಬಿಡದೆ, ಒಂದು ಚಿಕ್ಕ ತಟ್ಟೆಯ ಅಂಚಿಟ್ಟು ಧಾರಾಳವಾಗಿ ದುಂಡಗೆ ಮಾಡಿ, ಏಕೆಂದರೆ ಮುಂದೆ ಅಲ್ಲಿ ಎರಡು ಸಲ ಹೊಲಿಗೆ ಹಾಯಬೇಕು. ಕಂಕುಳಿಂದ ಕೆಳಗೆ ಪಕ್ಕದ ಗೆರೆ ಹೊರಕ್ಕೆ ಸಾಗಿ, 70 ಸೆಂಟಿಮೀಟರ್ ಉದ್ದದ ಕೆಳತುದಿಯಲ್ಲಿ ನಡುಗೆರೆಯಿಂದ 32 ಸೆಂಟಿಮೀಟರ್ ಆಗಲಿ. ಅಲ್ಲಿ ಪಕ್ಕವನ್ನು ಒಂದು ಸೆಂಟಿಮೀಟರ್ ಮೇಲಕ್ಕೆತ್ತಿ ದುಂಡಗೆ ಸೇರಿಸಿ. ಪೃಷ್ಠದ ಅಳತೆಗೆ ಕನಿಷ್ಠ 10 ಸೆಂಟಿಮೀಟರ್ ಸಡಿಲ ಉಳಿಯುತ್ತದೆಯೇ ಎಂದು ನೋಡಿಕೊಂಡು, ಸಾಲದಿದ್ದರೆ ಇನ್ನಷ್ಟು ಅಗಲಿಸಿ. ಪಕ್ಕದಲ್ಲಿ ಸೀಳು ಬಿಡುವುದಕ್ಕಿಂತ ಹೀಗೆ ಅಗಲಿಸುವುದು ತೆಳು ಬಟ್ಟೆಗೆ ಒಪ್ಪುತ್ತದೆ, ಸೀಳಿನ ಮೂಲೆಯೇ ಮೊದಲು ಹರಿಯುವ ಜಾಗ.

ಇವೆಲ್ಲ ಹೊಲಿಗೆ ಬೀಳುವ ಗೆರೆಗಳು. ಇವುಗಳ ಹೊರಗೆ ಹೆಗಲು ಮತ್ತು ಪಕ್ಕಕ್ಕೆ 1.5 ಸೆಂಟಿಮೀಟರ್, ಕೊರಳಿಗೆ 6 ಮಿಲಿಮೀಟರ್, ತೋಳಿನ ಬಾಯಿಗೆ 2 ಸೆಂಟಿಮೀಟರ್, ಕೆಳ ಅಂಚಿಗೆ 1.5 ಸೆಂಟಿಮೀಟರ್ ಮಾರ್ಜಿನ್ ಸೇರಿಸಿ. ಒಂದು ತುಂಡು ಹೀಗೆ 80 ಸೆಂಟಿಮೀಟರ್ ಅಗಲ, 73 ಸೆಂಟಿಮೀಟರ್ ಉದ್ದವಾಗುತ್ತದೆ. ಮುಂಭಾಗ, ಹಿಂಭಾಗ ಒಂದರ ಕೆಳಗೊಂದು ಇಡಲು ಸುಮಾರು 150, ಎಳೆ ನೇರ ಮಾಡಲು ಹತ್ತು, ಕುಗ್ಗಲು ಎಂಟು ಸೆಂಟಿಮೀಟರ್ ಎಂದು ಲೆಕ್ಕ ಹಾಕಿದರೆ, 112 ಸೆಂಟಿಮೀಟರ್ ಪನ್ನದ, ಅಂದರೆ ಅಗಲದ, ಬಟ್ಟೆ ಒಂದೂಮುಕ್ಕಾಲು ಮೀಟರ್ ಸಾಕು. ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿಯೇ ಕೊರಳಿನ ಓರೆ ಪಟ್ಟಿಯೂ ಸಿಗುತ್ತದೆ.

ಕತ್ತರಿಸುವುದು

ಬಟ್ಟೆಯನ್ನು ಎರಡಾಗಿ ಮಡಿಸಿ ಅರ್ಧ ಮಾದರಿಯಿಟ್ಟು ಕತ್ತರಿಸುವ ರೂಢಿ ದಪ್ಪ ಬಟ್ಟೆಗೆ ಸರಿ. ತೆಳು ಬಟ್ಟೆಯಲ್ಲಿ ಕೆಳಗಿನ ಪದರ ಕಣ್ಣಿಗೆ ಬೀಳದೆ ಸರಿದುಬಿಡುತ್ತದೆ. ಆದ್ದರಿಂದ ಪೂರ್ತಿ ಮಾದರಿಯನ್ನೇ ಕಾಗದದಲ್ಲಿ ಮಾಡಿಕೊಂಡು, ಬಟ್ಟೆಯನ್ನು ಒಂದೇ ಪದರವಾಗಿ ಹಾಸಿ ಕತ್ತರಿಸಬೇಕು. ಬಟ್ಟೆಯ ಕೆಳಗೆ ಒಂದು ಹಾಳೆ ಹಾಸಿಕೊಂಡರೆ ಅದು ಮೇಜಿನ ಮೇಲೆ ಜಾರುವುದಿಲ್ಲ. ಗುಂಡುಪಿನ್ನುಗಳಿಗಿಂತ ಭಾರವಾದ ವಸ್ತುಗಳನ್ನು ಅಲ್ಲಲ್ಲಿ ಇಡುವುದು ಮೇಲು. ಪಿನ್ನು ಬೇಕೇ ಬೇಕಾದರೆ ಸಣ್ಣ ಪಿನ್ನನ್ನು ಮಾರ್ಜಿನ್ನಿನೊಳಗೆ ಮಾತ್ರ ಚುಚ್ಚಿ. ಕತ್ತರಿಯ ಕೆಳ ಅಲಗು ಮೇಜನ್ನು ಬಿಡದಂತೆ, ಉದ್ದುದ್ದ ಕಚ್ಚುಗಳಲ್ಲಿ ಕತ್ತರಿಸಿ. ತುಂಡನ್ನು ಕೈಗೆತ್ತಿಕೊಂಡು ಕತ್ತರಿಸಬೇಡಿ.

ಯಂತ್ರವನ್ನು ಹದಗೊಳಿಸುವುದು

ಸೂಜಿ 9 ಅಥವಾ 11ನೇ ನಂಬರಿನದಿರಲಿ. ಮೆಟ್ರಿಕ್ ಲೆಕ್ಕದಲ್ಲಿ ಇವು 65 ಮತ್ತು 75, ಅಂದರೆ 0.65 ಮತ್ತು 0.75 ಮಿಲಿಮೀಟರ್ ದಪ್ಪ. ಸಾಮಾನ್ಯ ಕೆಲಸಕ್ಕೆ ಯಂತ್ರದಲ್ಲಿ ಕೂತಿರುವ 14ನೇ ನಂಬರಿನ ಸೂಜಿ ವಾಯ್ಲ್ ಬಟ್ಟೆಯಲ್ಲಿ ತೂತು ಮಾಡುತ್ತದೆ, ಎಳೆಯನ್ನು ಸಿಕ್ಕಿಸಿ ಎಳೆಯುತ್ತದೆ. ಹೊಸ ಕೆಲಸಕ್ಕೆ ಹೊಸ ಸೂಜಿಯನ್ನೇ ಹಾಕಿ. ದಾರ ನುಣುಪಾಗಿರಲಿ, ಸಣ್ಣದಿರಲಿ. ರೀಲಿನ ಮೇಲಿನ ನಂಬರು ಹೆಚ್ಚಿದಷ್ಟೂ ದಾರ ಸಣ್ಣ. ಪಾಲಿಯೆಸ್ಟರ್ ದಾರವಾದರೆ ಬಾಬಿನ್ನನ್ನು ನಿಧಾನವಾಗಿ ಸುತ್ತಬೇಕು. ವೇಗವಾಗಿ ಸುತ್ತಿದಾಗ ಹಿಗ್ಗಿದ ದಾರ ಹೊಲಿದ ಮೇಲೆ ಮತ್ತೆ ಕುಗ್ಗಿ, ಸರಿಯಾಗಿಯೇ ಬಂದಿದ್ದ ಹೊಲಿಗೆಯನ್ನು ಮರುದಿನ ಸುಕ್ಕು ಮಾಡುತ್ತದೆ.

ಟಾಕೆಯ ಉದ್ದ 2 ಮಿಲಿಮೀಟರ್, ಅಂದರೆ ಅಂಗುಲಕ್ಕೆ ಹನ್ನೆರಡು ಹದಿಮೂರು ಟಾಕೆ. ಮೇಲಿನ ಟೆನ್ಷನ್ ಒಂದು ಗೆರೆ ಸಡಿಲ ಮಾಡಿ, ಫುಟ್ಟಿನ ಒತ್ತಡ ಕಡಿಮೆ ಮಾಡುವ ತಿರುಪು ಇದ್ದರೆ ಅದನ್ನೂ ಸಡಿಲಿಸಿ, ಉಳಿದ ಚೂರಿನ ಎರಡು ಪದರಗಳ ಮೇಲೆ ಹಾಸಿನ ದಿಕ್ಕಿನಲ್ಲಿ 15 ಸೆಂಟಿಮೀಟರ್ ಹೊಲಿದು ನೋಡಿ. ಹಾಸಿನ ದಿಕ್ಕಿನಲ್ಲಿಯೇ ಸುಕ್ಕು ಬೀಳುವುದು ಹೆಚ್ಚು, ಅಲ್ಲಿ ಹೊಲಿಗೆ ಸಪಾಟಾಗಿ ಕೂತರೆ ಉಳಿದ ದಿಕ್ಕುಗಳಲ್ಲಿಯೂ ಕೂರುತ್ತದೆ. ಹೊಲಿಗೆಯ ಆರಂಭದಲ್ಲಿ ಬಟ್ಟೆಯ ಮೂಲೆಯನ್ನು ಯಂತ್ರ ಒಳಗೆ ನುಂಗುವುದು ಎಲ್ಲರಿಗೂ ಆಗುವ ತೊಂದರೆ. ಮೊದಲು ಒಂದು ಚೂರು ಬಟ್ಟೆಯ ಮೇಲೆ ನಾಲ್ಕು ಟಾಕೆ ಹಾಕಿ, ದಾರ ಕತ್ತರಿಸದೆ ಅದರ ಬೆನ್ನಿಗೇ ಉಡುಪಿನ ತುಂಡನ್ನು ಕೊಟ್ಟರೆ ಇದು ಸಂಪೂರ್ಣ ನಿಲ್ಲುತ್ತದೆ. ಹೊಲಿಯುವಾಗ ಎರಡೂ ಕೈಗಳಿಂದ ಬಟ್ಟೆಯನ್ನು ಸೂಜಿಯ ಮುಂದೆಯೂ ಹಿಂದೆಯೂ ಹಗುರವಾಗಿ ಹಿಡಿದಿಟ್ಟರೆ ಸಾಕು, ಮುನ್ನಡೆಸುವ ಕೆಲಸ ಯಂತ್ರದ ಹಲ್ಲುಗಳಿಗಿರಲಿ.

ಕೊರಳನ್ನು ಕಾಯುವ ಹೊಲಿಗೆ

ನಾನು ಮೊದಲು ಹೊಲಿದ ವಾಯ್ಲ್ ಮೇಲಂಗಿಯ ತುಂಡುಗಳನ್ನು ಕತ್ತರಿಸಿ, ಮರುದಿನ ಹೊಲಿಯೋಣವೆಂದು ರಾತ್ರಿಯಿಡೀ ಹ್ಯಾಂಗರಿಗೆ ತೂಗುಹಾಕಿದ್ದೆ. ಬೆಳಿಗ್ಗೆ ಅಳೆದಾಗ ಕೊರಳು ನಾಲ್ಕು ಸೆಂಟಿಮೀಟರ್ ಹಿಗ್ಗಿತ್ತು, ಎಷ್ಟು ಇಸ್ತ್ರಿ ಮಾಡಿದರೂ ಹಿಂದಕ್ಕೆ ಬರಲಿಲ್ಲ. ದುಂಡಾದ ಕೊರಳಿನ ಇಕ್ಕೆಲಗಳಲ್ಲಿ ಕತ್ತರಿ ಎಳೆಗಳನ್ನು ಓರೆಯಾಗಿ ದಾಟಿರುತ್ತದೆ. ಓರೆಯಲ್ಲಿ ಬಟ್ಟೆ ತನ್ನ ಭಾರಕ್ಕೇ ಹಿಗ್ಗುತ್ತದೆ. ಅಂದಿನಿಂದ ತುಂಡನ್ನು ಮೇಜಿನಿಂದ ಎತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಕೊರಳಿನ ಅಂಚಿನಿಂದ 4 ಮಿಲಿಮೀಟರ್ ಒಳಗೆ ಒಂದೇ ಪದರದ ಮೇಲೆ ಒಂದು ಸಾಲು ಹೊಲಿಗೆ ಹಾಕುವುದು. ಎರಡೂ ಹೆಗಲುಗಳಿಂದ ನಡುವಿನ ಕಡೆಗೆ ಹೊಲಿಯಬೇಕು, ಒಂದು ಹೆಗಲಿನಿಂದ ಇನ್ನೊಂದಕ್ಕೆ ಸುತ್ತಿ ಹೊಲಿಯಬಾರದು. ಮುಗಿಸಿದ ಮೇಲೆ ತುಂಡನ್ನು ಮಾದರಿ ಕಾಗದದ ಮೇಲಿಟ್ಟು ಹೋಲಿಸಿ ನೋಡಿ.

ಹೆಗಲು ಮತ್ತು ಪಕ್ಕ: ಫ್ರೆಂಚ್ ಹೊಲಿಗೆ

ತೆಳು ಬಟ್ಟೆಗೆ ಒಳಗು ಹೊರಗು ಎಂಬ ಭೇದವಿಲ್ಲ. ಒಳಗಿನ ಮಾರ್ಜಿನ್ ಹೊರಗಿನಿಂದ ನೆರಳಾಗಿ ಕಾಣುತ್ತದೆ, ಬಿಚ್ಚಿದ ಎಳೆಯೂ ಕಾಣುತ್ತದೆ. ಓವರ್‌ಲಾಕ್‌ನಲ್ಲಿ ಮೂರು ನಾಲ್ಕು ದಾರಗಳು ಸೇರಿ ಒಂದು ಗಡುಸಾದ ಸಾಲಾಗುತ್ತದೆ. ಫ್ರೆಂಚ್ ಹೊಲಿಗೆಯಲ್ಲಿ ಹಸಿ ಅಂಚು, ಅಂದರೆ ಕತ್ತರಿಸಿದ ಬರಿಯ ಅಂಚು, ಬಟ್ಟೆಯೊಳಗೇ ಮುಚ್ಚಿಹೋಗುತ್ತದೆ, ಮೈಗೆ ತಾಕುವುದು ಬಟ್ಟೆ ಮಾತ್ರ.

ಕ್ರಮ ಹೀಗಿದೆ. ಎರಡು ತುಂಡುಗಳ ಒಳಮೈಗಳನ್ನು ಒಂದಕ್ಕೊಂದು ತಾಗಿಸಿ, ಅಂದರೆ ಹೊರಮೈ ಕಾಣುವಂತೆ ಇಟ್ಟು, ಅಂಚಿನಿಂದ 9 ಮಿಲಿಮೀಟರ್ ಒಳಗೆ ಹೊಲಿಯಿರಿ. ಮೊದಲ ಸಲ ಮಾಡುವವರ ಮನಸ್ಸು ಇಲ್ಲಿ ಹಿಂಜರಿಯುತ್ತದೆ, ಬಟ್ಟೆ ತಿರುಗುಮುರುಗಾಗಿದೆ ಎನಿಸುತ್ತದೆ, ಆದರೆ ಇದೇ ಸರಿ. ಆಮೇಲೆ ಮಾರ್ಜಿನ್ನನ್ನು 3 ಮಿಲಿಮೀಟರ್ ಉಳಿಯುವಂತೆ ಒಪ್ಪವಾಗಿ ಕತ್ತರಿಸಿ, ಹೊಲಿಗೆಯನ್ನು ಒಂದು ಬದಿಗೆ ಮಡಿಸಿ ಇಸ್ತ್ರಿ ಮಾಡಿ. ಈಗ ಬಟ್ಟೆಯನ್ನು ತಿರುಗಿಸಿ ಹೊರಮೈಗಳು ಒಂದಕ್ಕೊಂದು ತಾಗುವಂತೆ ಮಾಡಿ, ಮೊದಲ ಹೊಲಿಗೆ ಮಡಿಕೆಯ ನೆತ್ತಿಯ ಮೇಲೆಯೇ ಕೂರುವಂತೆ ಬೆರಳುಗಳ ನಡುವೆ ಉರುಳಿಸುತ್ತ ಇಸ್ತ್ರಿ ಒತ್ತಿ. ಆ ಮಡಿಕೆಯಿಂದ 6 ಮಿಲಿಮೀಟರ್ ದೂರದಲ್ಲಿ ಎರಡನೆಯ ಹೊಲಿಗೆ ಹಾಕಿ. 9 ಮತ್ತು 6 ಕೂಡಿ ನಾವು ಬಿಟ್ಟ 15 ಮಿಲಿಮೀಟರ್ ಮಾರ್ಜಿನ್ ಸರಿಯಾಗಿ ಮುಗಿಯುತ್ತದೆ. ನಡುವಿನ ಇಸ್ತ್ರಿಯನ್ನು ಬಿಟ್ಟವರ ಹೊಲಿಗೆಯ ಹೊರಮೈಯಲ್ಲಿ ಒಳಗಿನ ಎಳೆಗಳು ಮೀಸೆಯಂತೆ ಇಣುಕುತ್ತವೆ.

ಮೊದಲು ಹೆಗಲುಗಳನ್ನು ಮಾತ್ರ ಹೀಗೆ ಹೊಲಿಯಿರಿ. ಪಕ್ಕಗಳನ್ನು ಕೊರಳು ಮುಗಿದ ಮೇಲೆ ಹೊಲಿಯುವುದು ಲೇಸು, ಉಡುಪು ಬಿಚ್ಚಿ ಹರವಿದಂತಿರುವಾಗ ಕೊರಳಿನ ಕೆಲಸ ಸುಲಭ. ಪಕ್ಕದ ಹೊಲಿಗೆಯಲ್ಲಿ ಎಚ್ಚರ ಬೇಕಾದದ್ದು ಕಂಕುಳಿನ ತಿರುವಿನಲ್ಲಿ: ಮೊದಲ ಹೊಲಿಗೆಯಾಗಿ ಮಾರ್ಜಿನ್ ಸವರಿದ ಮೇಲೆ ಆ ತಿರುವಿನಲ್ಲಿ ಸೆಂಟಿಮೀಟರಿಗೊಂದರಂತೆ ದಾರದ ಹತ್ತಿರದವರೆಗೆ ಸಣ್ಣ ಕಚ್ಚುಗಳನ್ನು ಕೊಟ್ಟು, ತಿರುಗಿಸಿದಾಗ ಅಲ್ಲಿ ಬಟ್ಟೆಯನ್ನು ತುಸು ಹಿಗ್ಗಿಸಿ ಹಿಡಿದು, ಟಾಕೆಯನ್ನು 1.5 ಮಿಲಿಮೀಟರಿಗೆ ಇಳಿಸಿ ಹೊಲಿಯಬೇಕು. ತೋಳು ಎತ್ತಿದಾಗಲೆಲ್ಲ ಎಳೆತ ಬೀಳುವುದು ಅಲ್ಲಿಗೇ.

ಕೊರಳಿಗೆ ಓರೆ ಪಟ್ಟಿ

ಕ್ಯಾನ್ವಾಸು ಅಂಟಿಸಿದ ಅಗಲವಾದ ಕೊರಳ ಪಟ್ಟಿಯ ಬದಲು ಅದೇ ಬಟ್ಟೆಯ ಓರೆ ಪಟ್ಟಿ, ಅಂದರೆ ದರ್ಜಿಗಳು ಕ್ರಾಸ್ ಪೀಸ್ ಎನ್ನುವ ಪಟ್ಟಿ, ಇಲ್ಲಿ ಸಾಕು. ಹಾಸಿಗೂ ಹೊಕ್ಕಿಗೂ 45 ಡಿಗ್ರಿ ಓರೆಯಲ್ಲಿ, 3 ಸೆಂಟಿಮೀಟರ್ ಅಗಲಕ್ಕೆ ಪಟ್ಟಿಗಳನ್ನು ಕತ್ತರಿಸಿ, ತುದಿಗಳನ್ನು ಓರೆಯಾಗಿಯೇ ಜೋಡಿಸಿ 65 ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಪಟ್ಟಿಯನ್ನು ಉದ್ದಕ್ಕೆ ನಡುವೆ ಮಡಿಸಿ ಇಸ್ತ್ರಿ ಒತ್ತಿ. ಇಸ್ತ್ರಿ ಪೆಟ್ಟಿಗೆ ಬಿಸಿಯಿರುವಾಗಲೇ ಪಟ್ಟಿಯನ್ನು ಕೊರಳಿನ ಆಕಾರಕ್ಕೆ ಬಾಗಿಸಬೇಕು: ಮಡಿಕೆಯ ಬದಿಯನ್ನು ಹಗುರವಾಗಿ ಹಿಗ್ಗಿಸುತ್ತ, ಹಸಿ ಅಂಚಿನ ಬದಿ ಒಳತಿರುವಿನಲ್ಲಿ ಬರುವಂತೆ ಒತ್ತುತ್ತ ಹೋದರೆ, ನೇರವಾಗಿದ್ದ ಪಟ್ಟಿ ಬಿಲ್ಲಿನಂತೆ ಬಾಗಿ ಹಾಗೆಯೇ ನಿಲ್ಲುತ್ತದೆ. ಕೊರಳಿನ ಸುತ್ತ ಪಟ್ಟಿ ಎದ್ದು ನಿಲ್ಲದೆ ಮಲಗುವುದು ಈ ಎರಡು ನಿಮಿಷದ ಕೆಲಸದಿಂದ.

ಪಟ್ಟಿಯ ಹಸಿ ಅಂಚನ್ನು ಕೊರಳಿನ ಹಸಿ ಅಂಚಿಗೆ ಹೊರಮೈ ಮೇಲೆ ಹೊಂದಿಸಿ, ಒಂದು ಹೆಗಲಿನ ಹಿಂಬದಿಯಿಂದ ಆರಂಭಿಸಿ, 6 ಮಿಲಿಮೀಟರ್ ಒಳಗೆ ಸುತ್ತಲೂ ಹೊಲಿಯಿರಿ. ಪಟ್ಟಿಯ ಆರಂಭದ ತುದಿಯನ್ನು ಒಳಕ್ಕೆ ಮಡಿಸಿಟ್ಟುಕೊಂಡಿದ್ದರೆ ಕೊನೆಯ ತುದಿಯನ್ನು ಅದರೊಳಗೆ ಸೇರಿಸಿ ಮುಗಿಸಬಹುದು. ಮಾರ್ಜಿನ್ನನ್ನು 4 ಮಿಲಿಮೀಟರಿಗೆ ಸವರಿ, ತಿರುವುಗಳಲ್ಲಿ ಕಚ್ಚು ಕೊಡಿ. ಪಟ್ಟಿಯನ್ನು ಮೇಲಕ್ಕೆ ತೆರೆದು, ಮಾರ್ಜಿನ್ನನ್ನು ಪಟ್ಟಿಯ ಕಡೆಗೆ ಮಲಗಿಸಿ, ಹೊಲಿಗೆಯ ಪಕ್ಕದಲ್ಲೇ ಪಟ್ಟಿಯ ಮೇಲೆ ಒಂದು ಸಾಲು ಹೊಲಿದರೆ ಪಟ್ಟಿ ಮುಂದೆಂದೂ ಹೊರಗೆ ಇಣುಕುವುದಿಲ್ಲ. ಆಮೇಲೆ ಪಟ್ಟಿಯನ್ನು ಒಳಗೆ ತಿರುಗಿಸಿ, ಇಸ್ತ್ರಿ ಮಾಡಿ, ಮಡಿಕೆಯ ಅಂಚಿಗೆ ಹತ್ತಿರವಾಗಿ ಹೊಲಿಯಿರಿ. ಈ ಕೊನೆಯ ಸಾಲನ್ನು ಕೈಯಲ್ಲಿ, ಎಳೆಯೊಂದನ್ನೇ ಹಿಡಿಯುವ ಸಣ್ಣ ಟಾಕೆಗಳಲ್ಲಿ ಹಾಕಿದರೆ ಹೊರಗೆ ಏನೂ ಕಾಣದು. ಸಮಯವಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ.

ಅಂಚುಗಳು

ತೋಳಿನ ಬಾಯಿ ನೇರವಾಗಿರುವುದರಿಂದ 2 ಸೆಂಟಿಮೀಟರ್ ಮಾರ್ಜಿನ್ನನ್ನು ಒಂದು ಸೆಂಟಿಮೀಟರ್, ಮತ್ತೆ ಒಂದು ಸೆಂಟಿಮೀಟರ್ ಎಂದು ಸಮನಾಗಿ ಎರಡು ಸಲ ಮಡಿಸಿ. ಮೊದಲ ಮಡಿಕೆ ಚಿಕ್ಕದಾದರೆ ಹಸಿ ಅಂಚು ನಡುವೆ ನಿಂತು ಪಾರದರ್ಶಕ ಬಟ್ಟೆಯಲ್ಲಿ ಕಪ್ಪುಗೆರೆಯಂತೆ ಕಾಣುತ್ತದೆ. ಸಮನಾದ ಮಡಿಕೆಯಲ್ಲಿ ಅದು ಅಂಚಿನಲ್ಲಿ ಅಡಗುತ್ತದೆ.

ಕೆಳ ಅಂಚು ದುಂಡಾಗಿರುವುದರಿಂದ ಅಲ್ಲಿ ಕಿರಿದಾದ ಸುರುಳಿ ಮಡಿಕೆಯೇ ಸರಿ. ಅದನ್ನು ಮಡಿಸುವ ಮೊದಲು ಉಡುಪನ್ನು ಒಂದು ದಿನ ತೂಗುಹಾಕಿ, ಓರೆ ಭಾಗಗಳು ಇಳಿಯುವಷ್ಟು ಇಳಿಯಲಿ, ಆಮೇಲೆ ಸುತ್ತಲೂ ಸಮ ಮಾಡಿ ಕತ್ತರಿಸಿ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಒಂದು ಸಾಲು ಹೊಲಿದು, ಆ ಸಾಲಿನ ಮೇಲೆಯೇ ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ. ಮಡಿಕೆಗೆ ತೀರ ಹತ್ತಿರ, 2 ಮಿಲಿಮೀಟರ್ ದೂರದಲ್ಲಿ ಮತ್ತೊಂದು ಸಾಲು ಹಾಕಿ, ಆ ಸಾಲಿನ ಪಕ್ಕದವರೆಗೆ ಹೆಚ್ಚುವರಿ ಬಟ್ಟೆಯನ್ನು ಸವರಿ ತೆಗೆಯಿರಿ. ಈಗ ಇನ್ನೊಮ್ಮೆ ಮಡಿಸಿ, ಹಾಕಿದ ಸಾಲಿನ ಮೇಲೆಯೇ ಕೊನೆಯ ಹೊಲಿಗೆ ಹಾಯಲಿ.

ಇದೇ ಕ್ರಮದಲ್ಲಿ ಬೇರೆ ಉಡುಪು

ನೆರಿಗೆಯ ಲಂಗ ಹೊಲಿಯುವವರು ಸೊಂಟದ ಅಳತೆಯ ಎರಡರಿಂದ ಎರಡೂವರೆ ಪಟ್ಟು ಅಗಲ ತೆಗೆದುಕೊಳ್ಳಬಹುದು. ತೆಳು ಬಟ್ಟೆಯಲ್ಲಿ ಅಷ್ಟು ನೆರಿಗೆಯೂ ಭಾರವಾಗುವುದಿಲ್ಲ. 4 ಮಿಲಿಮೀಟರ್ ಟಾಕೆಯ ಎರಡು ಸಾಲುಗಳನ್ನು ಹೊಲಿಗೆ ಗೆರೆಯ ಇಬ್ಬದಿಯಲ್ಲಿ ಹಾಕಿ ಬಾಬಿನ್ ದಾರಗಳನ್ನು ಒಟ್ಟಿಗೆ ಎಳೆದರೆ ನೆರಿಗೆ ಸಮನಾಗಿ ಕೂರುತ್ತದೆ. ಇಲಾಸ್ಟಿಕ್ ಸೊಂಟದ ಪಾಯಿಜಾಮಕ್ಕೆ ವಾಯ್ಲ್ ಬೇಡ, ಕೂತೇಳುವಾಗ ಹಿಂಬದಿಯ ಹೊಲಿಗೆ ಎಳೆ ಬಿಡುತ್ತದೆ. ಲಿನನ್ ಅಥವಾ ಕ್ಯಾಂಬ್ರಿಕ್ ತೆಗೆದುಕೊಳ್ಳಿ. ಮೈ ಕಾಣುವಷ್ಟು ತೆಳು ಬಟ್ಟೆಗೆ ಲೈನಿಂಗ್ ಬೇಕೆನಿಸಿದರೆ ಅದನ್ನು ಹೊಲಿದು ಸೇರಿಸುವ ಬದಲು, ಮಲ್‌ಮಲ್‌ನ ಬೇರೆಯೇ ಒಂದು ಒಳ ಅಂಗಿಯನ್ನು ಹೊಲಿದಿಟ್ಟುಕೊಂಡರೆ ಎರಡೂ ಬೇಗ ಒಣಗುತ್ತವೆ, ಎರಡರ ನಡುವೆ ಗಾಳಿಯೂ ಆಡುತ್ತದೆ.

ಹೊಲಿದು ಮುಗಿದ ಉಡುಪನ್ನು ಒಮ್ಮೆ ತೊಳೆದು ಗಂಜಿಯನ್ನೂ ಸೀಮೆಸುಣ್ಣದ ಗುರುತುಗಳನ್ನೂ ತೆಗೆದು, ಒಳಮೈ ಹೊರಗಾಗಿಸಿ ನೆರಳಿನಲ್ಲಿ ಒಣಗಿಸಿ. ಇಸ್ತ್ರಿಯನ್ನು ಮೊದಲು ಹೊಲಿಗೆಗಳ ಮೇಲೆ, ಅವು ಹಿಂಭಾಗದ ಕಡೆಗೆ ಮಲಗುವಂತೆ ಒತ್ತಿ, ಆಮೇಲೆ ಒಡಲಿಗೆ ಹೋಗಿ. ಕೊರಳಿನ ಮೇಲೆ ಪೆಟ್ಟಿಗೆಯನ್ನು ಎಳೆಯದೆ, ಎತ್ತಿ ಎತ್ತಿ ಇಡಬೇಕು.